ಬೆಳಗಿನ ಹತ್ತು ಗಂಟೆಯ ಎದೆಬಡಿತ

ವಾಚು ಟೈಮ್ ತೋರಿಸೋದರ ಜೊತೆಗೆ ಎದೆಬಡಿತವನ್ನೂ ತೋರಿಸೋಕೆ ಶುರು ಮಾಡಿದ ಮೇಲೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೇ ಬದಲಾಗಿಬಿಟ್ಟಿವೆ. ಈ ಸಲ ಬಂದ ಮೂರು ಪತ್ರ ನೋಡಿ. ಒಬ್ಬರು ಬರೆದಿದ್ದಾರೆ: "ನನ್ನ ವಾಚಿನಲ್ಲಿ ಎಚ್‌ಆರ್‌ವಿ ಅಂತ ಒಂದು ನಂಬರ್ ಬರುತ್ತೆ. ರಾತ್ರಿ 48 ಇದ್ದದ್ದು ಬೆಳಗ್ಗೆ 25 ಆಗಿರುತ್ತೆ. ಎದ್ದ ಕೂಡಲೇ ನನ್ನ ಹೃದಯಕ್ಕೆ ಏನಾಗುತ್ತೆ?" ಇನ್ನೊಬ್ಬರ ಮಗಳು ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ಅಂಥದ್ದೇ ವಾಚು ಕೊಡಿಸಿದ್ದಾಳೆ. ಅಪ್ಪ ಈಗ ಗಂಟೆಗೊಮ್ಮೆ ಅದನ್ನೇ ನೋಡಿಕೊಂಡು "ಒಂದೇ ಸಮ ಇಲ್ವಲ್ಲ" ಅಂತ ಚಿಂತೆಗೆ ಬಿದ್ದಿದ್ದಾರಂತೆ. ಮೂರನೆಯ ಪತ್ರ ಒಂದೇ ಸಾಲಿನದು: "ಹಾರ್ಟ್ ಅಟ್ಯಾಕ್ ಬೆಳಗಿನ ಹೊತ್ತೇ ಜಾಸ್ತಿ ಅಂತಾರೆ, ನಿಜವಾ?"

ಮೂರೂ ಪ್ರಶ್ನೆಗಳ ಬೇರು ಒಂದೇ. ಅದಕ್ಕೇ ಒಟ್ಟಿಗೆ ಉತ್ತರ ಬರೀತಿದ್ದೀನಿ.

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಈಗ ಐದು ಸೆಕೆಂಡ್ ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಐದು ಸೆಕೆಂಡ್ ನಿಧಾನವಾಗಿ ಬಿಡಿ. ನಾಲ್ಕೈದು ಸಲ ಮಾಡಿದರೆ ಗೊತ್ತಾಗುತ್ತೆ. ಉಸಿರು ಎಳೆದುಕೊಳ್ಳುವಾಗ ಬಡಿತ ಒಂದಿಷ್ಟು ಚುರುಕಾಗುತ್ತೆ, ಬಿಡುವಾಗ ನಿಧಾನವಾಗುತ್ತೆ. ಕಾರ್ಲ್ ಲುಡ್ವಿಗ್ ಎಂಬ ಜರ್ಮನ್ ವಿಜ್ಞಾನಿ 1847ರಲ್ಲೇ ಇದನ್ನು ನಾಯಿಗಳಲ್ಲಿ ಕಂಡು ದಾಖಲಿಸಿದ್ದ. ಇದು ಕಾಯಿಲೆ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು ಎದ್ದು ಕಾಣುತ್ತೆ, ವಯಸ್ಸಾದ ಹಾಗೆ ಕಡಿಮೆಯಾಗುತ್ತೆ.

ಅಂದರೆ ನಿಮಿಷಕ್ಕೆ 72 ಬಡಿತ ಅಂತ ಡಾಕ್ಟರು ಬರೆದುಕೊಂಡರೂ, ಎರಡು ಬಡಿತಗಳ ನಡುವಿನ ಅಂತರ ಪ್ರತಿ ಸಲ ಒಂದೇ ಇರೋದಿಲ್ಲ. ಒಂದು ಸಲ 0.80 ಸೆಕೆಂಡ್, ಮುಂದಿನದು 0.86, ಅದರ ಮುಂದಿನದು 0.83. ಈ ಹೆಚ್ಚುಕಡಿಮೆಯ ಅಳತೆಯೇ ಎಚ್‌ಆರ್‌ವಿ. ಅಪ್ಪ ಹೆದರಿರೋದು "ಒಂದೇ ಸಮ ಇಲ್ಲ" ಅಂತ ತಾನೇ? ಆರೋಗ್ಯವಾಗಿರೋ ಹೃದಯ ಒಂದೇ ಸಮ ಇರಬಾರದು ಕೂಡ. ಅಪ್ಪನಿಗೆ ಇಷ್ಟು ಹೇಳಿದರೆ ಅರ್ಧ ಚಿಂತೆ ಹೋಗುತ್ತೆ.

ಸಿಗ್ನಲ್ ದೀಪ ಮತ್ತು ಟ್ರಾಫಿಕ್ ಪೊಲೀಸ್

ಹೃದಯದ ಬಲ ಮೇಲ್ಭಾಗದಲ್ಲಿ ಸೈನಸ್ ನೋಡ್ ಅಂತ ಒಂದು ಪುಟ್ಟ ಜೀವಕೋಶಗಳ ಗುಂಪಿದೆ. ಬಡಿತ ಹುಟ್ಟೋದು ಅಲ್ಲೇ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದನ್ನು ನೇರವಾಗಿ ನೋಡಬಹುದು. ಹೊಸ ಹೃದಯಕ್ಕೆ ಮೊದಲಿಗೆ ನರಗಳ ಸಂಪರ್ಕ ಇರೋದಿಲ್ಲವಾದ್ದರಿಂದ, ಸುಮ್ಮನೆ ಕೂತಿದ್ದರೂ ಬಡಿತ 90ರಿಂದ 110ರ ಆಸುಪಾಸಿನಲ್ಲಿರುತ್ತೆ, ಏರಿಳಿತ ತೀರಾ ಕಮ್ಮಿ.

ನಮ್ಮ ನಿಮ್ಮಲ್ಲಿ ಎರಡು ಬಗೆಯ ನರಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ವೇಗಸ್ ನರ ಬ್ರೇಕ್ ಇದ್ದ ಹಾಗೆ, ಸಿಂಪಥೆಟಿಕ್ ನರಗಳು ಆಕ್ಸಿಲರೇಟರ್ ಇದ್ದ ಹಾಗೆ. ಉಸಿರು, ರಕ್ತದೊತ್ತಡ, ಊಟ, ಸಿಟ್ಟು, ನಿದ್ದೆ, ಮೆಟ್ಟಿಲು, ಮೊಬೈಲಿನ ರಿಂಗ್, ಎಲ್ಲದರ ಸುದ್ದಿಯೂ ಮಿದುಳಿಗೆ ಹೋಗಿ ಅಲ್ಲಿಂದ ಈ ನರಗಳ ಮೂಲಕ ಹೃದಯಕ್ಕೆ ಬರುತ್ತೆ.

ಸರ್ಕಲ್‌ನಲ್ಲಿ ಟೈಮರ್ ಹಾಕಿದ ಸಿಗ್ನಲ್ ದೀಪ ಇರುತ್ತಲ್ಲ, ಗಾಡಿ ಇರಲಿ ಬಿಡಲಿ, ತೊಂಬತ್ತು ಸೆಕೆಂಡಿಗೆ ಒಮ್ಮೆ ಬದಲಾಗುತ್ತೆ. ಅದೇ ಜಾಗದಲ್ಲಿ ಅನುಭವಿ ಪೊಲೀಸಪ್ಪ ನಿಂತಿದ್ದರೆ? ಆಂಬುಲೆನ್ಸ್ ಬಂದರೆ ದಾರಿ ಬಿಡಿಸ್ತಾನೆ, ಸ್ಕೂಲ್ ಮಕ್ಕಳು ಬಂದರೆ ಗಾಡಿ ನಿಲ್ಲಿಸ್ತಾನೆ, ಒಂದು ಕಡೆ ಸಾಲು ಉದ್ದ ಆದರೆ ಆ ಕಡೆಗೆ ಹೆಚ್ಚು ಹೊತ್ತು ಕೊಡ್ತಾನೆ. ಅವನ ಕೈಸನ್ನೆಗಳ ನಡುವಿನ ಸಮಯ ಬರೆದಿಟ್ಟರೆ ಗೊಂದಲದ ಹಾಗೆ ಕಾಣಬಹುದು, ಆದರೆ ಪ್ರತಿಯೊಂದಕ್ಕೂ ಕಾರಣ ಇರುತ್ತೆ. ಇನ್ನು ದೀಪವೂ ಇಲ್ಲ, ಪೊಲೀಸೂ ಇಲ್ಲ, ಎಲ್ಲರೂ ಹಾರ್ನ್ ಹೊಡೆದುಕೊಂಡು ನುಗ್ಗುತ್ತಿದ್ದಾರೆ ಅಂದುಕೊಳ್ಳಿ. ಅಲ್ಲೂ ಏರಿಳಿತ ಬೇಕಾದಷ್ಟಿದೆ. ಆದರೆ ಅದು ಬೇರೆಯದೇ ಕಥೆ.

ಈ ಮೂರರ ವ್ಯತ್ಯಾಸ ನೆನಪಿರಲಿ. ವಾಚಿನ ನಂಬರಿಗೆ ಪೊಲೀಸಪ್ಪನ ಏರಿಳಿತಕ್ಕೂ ಹಾರ್ನ್ ಗಲಾಟೆಯ ಏರಿಳಿತಕ್ಕೂ ವ್ಯತ್ಯಾಸ ಅಷ್ಟಾಗಿ ಗೊತ್ತಾಗೋದಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಅಂತ ಒಂದು ತೊಂದರೆ ಇದೆ. ಹೃದಯದ ಮೇಲಿನ ಕೋಣೆಗಳು ಲಯ ಕಳೆದುಕೊಂಡು ನಡುಗುತ್ತವೆ, ನಾಡಿ ತಾಳತಪ್ಪಿ ಬಡಿಯುತ್ತೆ. ಅಂಥವರ ಎಚ್‌ಆರ್‌ವಿ ನಂಬರ್ ಭಾರಿ ಚೆನ್ನಾಗಿ ಕಾಣಬಹುದು. ಹಾಗಾಗಿ ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನೋ ಲೆಕ್ಕ ಎಲ್ಲ ಸಲವೂ ಸರಿ ಅಲ್ಲ.

ಏರಿಳಿತದ ಒಳಗಿನ ವಿನ್ಯಾಸ

ಇಲ್ಲೇ ವಿಜ್ಞಾನಿಗಳು "ಸಂಕೀರ್ಣತೆ" ಅನ್ನೋ ಮಾತು ತರೋದು. ಅವರು ಕೇಳುವ ಪ್ರಶ್ನೆ ಸರಳ: ಕಳೆದ ಎರಡು ಮೂರು ಬಡಿತಗಳನ್ನು ನೋಡಿ ಮುಂದಿನ ಬಡಿತ ಯಾವಾಗ ಬರುತ್ತೆ ಅಂತ ಎಷ್ಟರ ಮಟ್ಟಿಗೆ ಊಹಿಸಬಹುದು? ಗೋಡೆ ಗಡಿಯಾರವಾದರೆ ಪೂರ್ತಿ ಊಹಿಸಬಹುದು. ಪಗಡೆ ದಾಳವಾದರೆ ಸ್ವಲ್ಪವೂ ಆಗೋದಿಲ್ಲ. ಆರೋಗ್ಯವಂತ ಹೃದಯ ಇವೆರಡರ ನಡುವೆ ಇರುತ್ತೆ. ಈ ಊಹೆಗೆ ಸಿಗದ ಗುಣವನ್ನು ಅಳೆಯುವ ಲೆಕ್ಕಕ್ಕೆ ಎಂಟ್ರೊಪಿ ಅಂತ ಹೆಸರು. ಸ್ಟೀವ್ ಪಿಂಕಸ್ ಎಂಬ ಗಣಿತಜ್ಞ 1991ರಲ್ಲಿ ಅದರ ಒಂದು ರೂಪ ಕೊಟ್ಟರು. ಅಮೆರಿಕದ ಬಾಸ್ಟನ್‌ನಲ್ಲಿ ಆರಿ ಗೋಲ್ಡ್‌ಬರ್ಗರ್ ಎಂಬ ಹೃದಯ ತಜ್ಞರ ಗುಂಪು ಈ ಕೆಲಸವನ್ನು ಇನ್ನೂ ಮುಂದಕ್ಕೆ ತಗೊಂಡು ಹೋಯಿತು. 2002ರಲ್ಲಿ ಆ ಗುಂಪು ಒಂದು ಉಪಾಯ ಮಾಡಿತು. ಬಡಿತಗಳನ್ನು ಒಂದೊಂದಾಗಿ ನೋಡೋದರ ಜೊತೆಗೆ, ಐದೈದು, ಹತ್ತತ್ತು, ಇಪ್ಪತ್ತು ಬಡಿತಗಳ ಸರಾಸರಿ ತೆಗೆದು ಮತ್ತೆ ಮತ್ತೆ ನೋಡೋದು. ದಾಳದ ಥರದ ಗೊಂದಲವಾದರೆ ಸರಾಸರಿ ತೆಗೆದ ಹಾಗೆಲ್ಲ ಸಪ್ಪೆಯಾಗುತ್ತೆ. ಆರೋಗ್ಯವಂತ ಹೃದಯದಲ್ಲಿ ಹತ್ತಿರದಿಂದ ನೋಡಿದರೂ ದೂರದಿಂದ ನೋಡಿದರೂ ವಿನ್ಯಾಸ ಉಳಿದಿರುತ್ತೆ.

ಕಛೇರಿ ಕೇಳುವವರಿಗೆ ಇದು ಬೇಗ ಅರ್ಥವಾಗುತ್ತೆ. ತಾಳ ಒಂದೇ, ಆದಿತಾಳ ಅಂದರೆ ಎಂಟೇ ಅಕ್ಷರ. ಆದರೆ ಮೃದಂಗದವರು ಪ್ರತಿ ಆವರ್ತನವನ್ನೂ ಹಿಂದಿನದರ ಹಾಗೇ ನುಡಿಸೋದಿಲ್ಲ, ತಾಳವನ್ನು ಬಿಡೋದೂ ಇಲ್ಲ. ಹಾಡುಗಾರರು ಎಲ್ಲಿ ನಿಲ್ಲಿಸಿದರು, ಎಲ್ಲಿ ಎಳೆದರು ಅಂತ ಕೇಳಿಸಿಕೊಂಡು ನುಡಿಸ್ತಾರೆ. ನಮ್ಮ ನಾಡಿವೈದ್ಯರೂ ನಾಡಿಯನ್ನು ಎಣಿಸೋದಕ್ಕಿಂತ ಅದರ ನಡೆ ನೋಡುತ್ತಿದ್ದರು. ಹಾವಿನ ನಡೆ, ಕಪ್ಪೆಯ ನಡೆ, ಹಂಸದ ನಡೆ ಅಂತ ಹೆಸರಿಟ್ಟಿದ್ದರು. ಅವರ ರೋಗ ನಿರ್ಣಯದ ಬಗ್ಗೆ ಇಲ್ಲಿ ಚರ್ಚೆ ಬೇಡ. ಎಣಿಕೆಗೆ ಸಿಗದ ಏನೋ ಒಂದು ನಾಡಿಯಲ್ಲಿದೆ ಅನ್ನೋದಂತೂ ಅವರ ಗಮನಕ್ಕೆ ಬಂದಿತ್ತು.

ಇದೆಲ್ಲ ಬರೀ ಲೆಕ್ಕದ ಆಟ ಅಂದುಕೊಳ್ಳಬೇಡಿ. 1965ರಲ್ಲಿ ಹಾನ್ ಮತ್ತು ಲೀ ಎಂಬ ವೈದ್ಯರು, ಹೊಟ್ಟೆಯಲ್ಲಿರೋ ಮಗುವಿಗೆ ತೊಂದರೆ ಶುರುವಾದಾಗ ಬಡಿತದ ವೇಗ ಬದಲಾಗೋಕೆ ಮುಂಚೆಯೇ ಬಡಿತಗಳ ನಡುವಿನ ಅಂತರದ ಏರಿಳಿತ ಬದಲಾಗುತ್ತೆ ಅಂತ ಗುರುತಿಸಿದರು. 1987ರಲ್ಲಿ ಕ್ಲೈಗರ್ ಮತ್ತು ಸಂಗಡಿಗರು ಹೃದಯಾಘಾತವಾಗಿ ಬದುಕುಳಿದ 808 ಜನರ 24 ಗಂಟೆಯ ದಾಖಲೆ ನೋಡಿದರು. ಏರಿಳಿತ ತೀರಾ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ, ಚೆನ್ನಾಗಿದ್ದವರಿಗಿಂತ ಐದು ಪಟ್ಟಿಗೂ ಹೆಚ್ಚು ಇತ್ತು.

ಇಡೀ ದಿನದ ದಾಖಲೆ ಸಿಕ್ಕಿದ್ದೂ ಒಂದು ಕಥೆಯೇ. ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಇದಕ್ಕೆ ಮಾಡಿದ ಮೊದಲ ಯಂತ್ರ ಸುಮಾರು 38 ಕಿಲೋ ತೂಗುತ್ತಿತ್ತು, ಬೆನ್ನಿಗೆ ಕಟ್ಟಿಕೊಂಡು ಓಡಾಡಬೇಕಿತ್ತು. ಇವತ್ತು ಆಸ್ಪತ್ರೆಯಲ್ಲಿ "ಹೋಲ್ಟರ್ ಹಾಕಿ ಕಳಿಸ್ತೀವಿ" ಅಂತಾರಲ್ಲ, ಅದು ಅವರ ಹೆಸರೇ.

ಹಗಲು ಒಂದು, ರಾತ್ರಿ ಒಂದು

ಈಗ ಮೊದಲ ಪತ್ರಕ್ಕೆ ಬರೋಣ. ರಾತ್ರಿ 48, ಬೆಳಗ್ಗೆ 25 ಯಾಕೆ?

ನಾವು ಮಲಗಿದ ಮೇಲೆ ವೇಗಸ್ ನರದ ಕೈ ಮೇಲಾಗುತ್ತೆ. ಬಡಿತ ಇಳಿಯುತ್ತೆ, ರಕ್ತದೊತ್ತಡ ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು ಇಳಿಯುತ್ತೆ, ಉಸಿರಿನ ಜೊತೆಗಿನ ಏರಿಳಿತ ಎದ್ದು ಕಾಣುತ್ತೆ. ಗಾಢ ನಿದ್ದೆಯಲ್ಲಿ ಇದು ಇನ್ನೂ ಸ್ಪಷ್ಟ. ಕನಸು ಬೀಳುವ ನಿದ್ದೆಯಲ್ಲಿ ಮಾತ್ರ ಹೃದಯ ಎಚ್ಚರದ ಹೊತ್ತಿನ ಹಾಗೆ ನಡೆದುಕೊಳ್ಳುತ್ತೆ, ಮತ್ತು ಆ ನಿದ್ದೆ ರಾತ್ರಿಯ ಎರಡನೇ ಭಾಗದಲ್ಲೇ ಜಾಸ್ತಿ. ಬೆಳಗಿನ ಜಾವ ಕಾರ್ಟಿಸಾಲ್ ಹಾರ್ಮೋನು ಏರೋಕೆ ಶುರುವಾಗುತ್ತೆ. ಎದ್ದು ನಿಂತ ಕೂಡಲೇ ಸಿಂಪಥೆಟಿಕ್ ನರಗಳು ಕೆಲಸಕ್ಕೆ ಇಳಿಯುತ್ತವೆ, ವೇಗಸ್ ಹಿಂದೆ ಸರಿಯುತ್ತೆ. ಹಾಗಾಗಿ ನಂಬರ್ ಇಳಿಯೋದು ಸಹಜ. ಎಲ್ಲರಿಗೂ ಇಳಿಯುತ್ತೆ.

ಏಳೋದು, ನಡೆಯೋದು, ಕಾಫಿ ಕುಡಿಯೋದು, ಬಸ್ ಹಿಡಿಯೋಕೆ ಓಡೋದು, ಇವೇ ಬದಲಾವಣೆಗೆ ಪೂರ್ತಿ ಕಾರಣವಾ? ಅಥವಾ ಒಳಗಡೆ ಬೇರೆ ಗಡಿಯಾರವೂ ಇದೆಯಾ? ಗಡಿಯಾರ ಇದೆ ಅಂತ ಮೊದಲ ಸುಳಿವು ಕೊಟ್ಟಿದ್ದು ನಮ್ಮ ಮುಟ್ಟಿದರೆ ಮುನಿಯ ಜಾತಿಯ ಗಿಡ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಎಂಬಾತ ಅದನ್ನು ಕತ್ತಲಲ್ಲಿಟ್ಟರೂ ಎಲೆಗಳು ಹಗಲಿಗೆ ಬಿಚ್ಚಿ ರಾತ್ರಿಗೆ ಮುಚ್ಚಿಕೊಳ್ಳುತ್ತಿದ್ದುದನ್ನು ಕಂಡ. ಮನುಷ್ಯರಲ್ಲಿ ಮುಖ್ಯ ಗಡಿಯಾರ ಇರೋದು ಮಿದುಳಿನ ತಳಭಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಜೋಡಿ ಚುಕ್ಕೆಯಲ್ಲಿ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಓಡುತ್ತೆ ಅಂತ ಹಣ್ಣುನೊಣಗಳಲ್ಲಿ ಕಂಡುಹಿಡಿದವರಿಗೆ 2017ರ ನೊಬೆಲ್ ಬಂತು. ಅದೇ ಹಣ್ಣುನೊಣಗಳ ದಿನಲಯದ ಮೇಲೆ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಅಧ್ಯಯನಗಳು ನಡೆದಿವೆ. ಹೃದಯದ ಕೋಶಗಳಲ್ಲೂ ಇಂಥ ಗಡಿಯಾರ ಇದೆ.

ಈ ಒಳಗಿನ ಗಡಿಯಾರ ಬಡಿತದ ವಿನ್ಯಾಸವನ್ನು ಮುಟ್ಟುತ್ತಾ ಅಂತ ನೋಡೋದು ಕಷ್ಟ. ಯಾಕೆಂದರೆ ಗಡಿಯಾರವೂ ದಿನಚರಿಯೂ ಒಟ್ಟಿಗೇ ಓಡ್ತವೆ. ಇವೆರಡನ್ನು ಬೇರೆ ಮಾಡೋಕೆ ಬಾಸ್ಟನ್ನಿನ ಸಂಶೋಧಕರು ಒಂದು ದಾರಿ ಹಿಡಿದರು. ಐದು ಜನ ಆರೋಗ್ಯವಂತರನ್ನು ಹತ್ತು ದಿನ ಪ್ರಯೋಗಾಲಯದಲ್ಲಿ ಇರಿಸಿಕೊಂಡು, ಮಂದ ಬೆಳಕಿನಲ್ಲಿ, 28 ಗಂಟೆಯ "ದಿನ" ಬದುಕಿಸಿದರು. ದೇಹದ ಗಡಿಯಾರ ಅಷ್ಟು ಉದ್ದಕ್ಕೆ ಹಿಗ್ಗೋದಿಲ್ಲ, ಅದು ತನ್ನ ಸುಮಾರು 24 ಗಂಟೆಯ ಲೆಕ್ಕದಲ್ಲೇ ಓಡುತ್ತೆ. ಹೀಗಾಗಿ ಊಟ, ನಿದ್ದೆ, ಎಚ್ಚರ ಎಲ್ಲವೂ ಒಳಗಿನ ಗಡಿಯಾರದ ಬೇರೆ ಬೇರೆ ಹೊತ್ತಿಗೆ ಬಂದವು. 2004ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮಲಗಿರಲಿ, ಎದ್ದಿರಲಿ, ಬಡಿತದ ವೇಗ ಎಷ್ಟೇ ಇರಲಿ, ಬಡಿತಗಳ ಏರಿಳಿತದ ವಿನ್ಯಾಸ ಒಳಗಿನ ಗಡಿಯಾರದ ಜೊತೆ ಬದಲಾಗುತ್ತಿತ್ತು. ಅದನ್ನು ಅಳೆಯುವ ಸೂಚ್ಯಂಕ ಶಿಖರ ಮುಟ್ಟುತ್ತಿದ್ದುದು ದೇಹದ ಪ್ರಕಾರ ಬೆಳಗಿನ ಸುಮಾರು ಹತ್ತು ಗಂಟೆಗೆ.

ಐದೇ ಜನರ ಅಧ್ಯಯನ, ನಿಜ. ಇದಕ್ಕೂ ಮುಂಚೆ 1999ರಲ್ಲಿ, ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿಗಳ ದಾಖಲೆಯನ್ನೂ ಸೇರಿಸಿ ಮಾಡಿದ ಅಧ್ಯಯನದಲ್ಲಿ ನಿದ್ದೆ ಮತ್ತು ಎಚ್ಚರದ ಹೊತ್ತಿನ ವಿನ್ಯಾಸ ಬೇರೆ ಬೇರೆ ಅಂತ ಕಂಡಿತ್ತು. ಅವರಿಗೆ ಸೂರ್ಯೋದಯ ಆಗೋದು ಸುಮಾರು ಒಂದೂವರೆ ಗಂಟೆಗೊಮ್ಮೆ! ಆದರೂ ಈ ವ್ಯತ್ಯಾಸ ಅಳಿಸಿಹೋಗಿರಲಿಲ್ಲ.

ಹತ್ತು ಗಂಟೆ ಯಾಕೆ ಮುಖ್ಯ

ಮೂರನೇ ಪತ್ರದವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆಳಗಿನ ಹೊತ್ತು ಹೃದಯಾಘಾತ ಹೆಚ್ಚು ಅನ್ನೋದು ನಿಜ. 1985ರಲ್ಲಿ ಮುಲ್ಲರ್ ಮತ್ತು ಸಂಗಡಿಗರು 2,999 ರೋಗಿಗಳ ದಾಖಲೆ ನೋಡಿ, ಬೆಳಗ್ಗೆ ಆರರಿಂದ ಮಧ್ಯಾಹ್ನದೊಳಗೆ ಹೃದಯಾಘಾತ ಹೆಚ್ಚು ಅಂತ ತೋರಿಸಿದರು. ರಾತ್ರಿ ಹನ್ನೊಂದಕ್ಕೆ ಹೋಲಿಸಿದರೆ ಬೆಳಗ್ಗೆ ಒಂಬತ್ತರ ಆಸುಪಾಸಿನಲ್ಲಿ ಸುಮಾರು ಮೂರು ಪಟ್ಟು. ಆ ಹೊತ್ತಿಗೆ ರಕ್ತದೊತ್ತಡ ಏರುತ್ತೆ, ರಕ್ತದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ಹೆಪ್ಪು ಕರಗಿಸುವ ಶಕ್ತಿ ತಗ್ಗಿರುತ್ತೆ. ಒಳಗಿನ ಗಡಿಯಾರ ಬಡಿತದ ವಿನ್ಯಾಸವನ್ನು ಬದಲಿಸೋದೂ ಅದೇ ಹೊತ್ತಿಗೆ. ಇವೆಲ್ಲ ಸೇರಿ ಮೊದಲೇ ಕಟ್ಟಿಕೊಂಡ ರಕ್ತನಾಳ ಇರೋರಿಗೆ ಭಾರವಾಗುತ್ತೆ. ಹಾಗಂತ ಬೆಳಗಾದರೆ ಎಲ್ಲರೂ ಹೆದರಬೇಕಿಲ್ಲ. ಮೂರು ಪಟ್ಟು ಅನ್ನೋದು ಇರುವ ಅಪಾಯ ದಿನದಲ್ಲಿ ಹೇಗೆ ಹಂಚಿಕೆಯಾಗಿದೆ ಅನ್ನೋದರ ಲೆಕ್ಕ ಮಾತ್ರ.

ಹೆದರಬೇಕಾದ್ದು ಬೇರೆಯದಕ್ಕೆ. ನಮ್ಮ ಮನೆಗಳಲ್ಲಿ ಬೆಳಗ್ಗೆ ಏಳರಿಂದ ಹತ್ತು ಗಂಟೆ ಅಂದರೆ ಏನು ಹೇಳಿ? ತಿಂಡಿ, ಡಬ್ಬಿ, ಸ್ಕೂಲ್ ಬಸ್ಸು, ಪೂಜೆ, ಆಫೀಸು. ಆ ಹೊತ್ತಿಗೆ ಎದೆ ಭಾರ ಅನ್ನಿಸಿದರೆ ಅಮ್ಮ ಏನು ಮಾಡ್ತಾರೆ? "ಗ್ಯಾಸ್ಟ್ರಿಕ್ ಇರ್ಬೇಕು" ಅಂತ ಒಂದು ಲೋಟ ಜೀರಿಗೆ ನೀರು ಕುಡಿದು ದೋಸೆ ಹುಯ್ಯೋಕೆ ನಿಲ್ತಾರೆ. ಎಲ್ಲರ ಡಬ್ಬಿ ಕಟ್ಟಿ ಕಳಿಸಿ ಆಮೇಲೆ ನೋಡೋಣ ಅಂತಾರೆ. ಆ ಎರಡು ಗಂಟೆ ಬಹಳ ದುಬಾರಿ. ಹೆಂಗಸರಲ್ಲಿ ನೋವು ಎದೆಯ ನಡುವೆಯೇ ಬರಬೇಕು ಅಂತಿಲ್ಲ. ದವಡೆ, ಬೆನ್ನು, ಭುಜ, ಉಬ್ಬಸ, ವಾಂತಿ ಬಂದ ಹಾಗೆ, ಕಾರಣವಿಲ್ಲದ ಸುಸ್ತು, ಬೆವರು, ಹೀಗೂ ಬರಬಹುದು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರೋರಿಗೆ ನರಗಳು ದುರ್ಬಲವಾಗಿ ನೋವೇ ಗೊತ್ತಾಗದೆ ಇರಬಹುದು.

2021ರ ಅಕ್ಟೋಬರ್ 29ರಂದು, 46ರ ವಯಸ್ಸಿಗೇ, ಪುನೀತ್ ರಾಜ್‌ಕುಮಾರ್ ಹೋದಾಗ ಪ್ರತಿ ಮನೆಯಲ್ಲೂ ಹೃದಯದ ಮಾತು ಬಂತು. ಅವರ ಹೆಸರಿನ ಹೃದಯಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಎದೆನೋವು ಅಂತ ಬಂದವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯಾ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ನೋವು ಬಂದಾಗ ವಿಚಾರಿಸೋಕೆ ಹೊತ್ತಿರೋದಿಲ್ಲ. 108 ನಂಬರ್ ಮಕ್ಕಳಿಗೂ ಗೊತ್ತಿರಲಿ.

ಮನೆಮಂದಿಗೆ ನಾಲ್ಕು ಮಾತು

ವಾಚಿನ ವಿಷಯ: ಒಂದು ಕಂಪನಿಯ ಲೆಕ್ಕ ಇನ್ನೊಂದರ ಹಾಗಿರೋದಿಲ್ಲ. ನಿಮ್ಮ 30ನ್ನು ಪಕ್ಕದ ಮನೆಯವರ 60ರ ಜೊತೆ ಹೋಲಿಸಬೇಡಿ. ಬೆಳಗಿನದನ್ನು ರಾತ್ರಿಯದರ ಜೊತೆಗೂ ಬೇಡ. ನೋಡಲೇಬೇಕು ಅಂದರೆ ನಿಮ್ಮದೇ ರಾತ್ರಿಯ ನಂಬರನ್ನು ವಾರದಿಂದ ವಾರಕ್ಕೆ ನೋಡಿ. ಜ್ವರ, ನಿದ್ದೆಗೆಟ್ಟ ರಾತ್ರಿ, ಮದುವೆ ಊಟ, ಮದ್ಯ, ಎಲ್ಲವೂ ಅದನ್ನು ಇಳಿಸುತ್ತವೆ. ನಾಡಿ ತಾಳತಪ್ಪಿ ಬಡಿಯುತ್ತಿದೆ, ತಲೆ ಸುತ್ತುತ್ತೆ ಅನ್ನಿಸಿದರೆ ವಾಚು ಬಿಟ್ಟು ಇಸಿಜಿಗೆ ಹೋಗಿ.

ಸಕ್ಕರೆ ಕಾಯಿಲೆ ಇರೋರು: ಹೃದಯದ ನರಗಳು ಹೇಗಿವೆ ಅಂತ ನೋಡೋಕೆ 1970ರ ದಶಕದಿಂದಲೂ ಒಂದು ಸರಳ ಪರೀಕ್ಷೆ ಇದೆ. ನಿಮಿಷಕ್ಕೆ ಆರು ಸಲ ಆಳವಾಗಿ ಉಸಿರಾಡಿಸಿ ಇಸಿಜಿ ತೆಗೆಯೋದು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನನಗೆ ಬೇಕಾ ಅಂತ ಕೇಳಿ.

ಬಿಪಿ ಮಾತ್ರೆ: ಬೆಳಗ್ಗೆ ಅಪಾಯ ಅಂತ ನೀವೇ ಮಾತ್ರೆ ಹೊತ್ತು ಬದಲಿಸಬೇಡಿ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳಗ್ಗೆ ತಗೊಂಡವರಿಗೂ ಸಂಜೆ ತಗೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಹೇಳಿದ ಹೊತ್ತಿಗೆ, ಮರೆಯದೆ ತಗೊಳ್ಳೋದು ಮುಖ್ಯ. ಬೆಳಗಿನ ವಾಕಿಂಗ್ ಕೂಡ ಬಿಡಬೇಕಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಏಕಾಏಕಿ ಓಡೋದು, ಭಾರ ಎತ್ತೋದು ಬೇಡ ಅಷ್ಟೇ.

ರಾತ್ರಿ ಪಾಳಿಯವರು: ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಪಾಳಿ ಕೆಲಸದವರಲ್ಲಿ ಹೃದಯಾಘಾತ ಶೇಕಡ 23ರಷ್ಟು ಹೆಚ್ಚು. ಕೆಲಸ ಬಿಡಿ ಅಂತ ಹೇಳೋದು ಸುಲಭ, ಸಾಲದ ಕಂತು ಕಟ್ಟೋರಿಗೆ ಆಗೋ ಮಾತಲ್ಲ. ಆದರೆ ಮನೆಯವರು ಒಂದು ಮಾಡಬಹುದು. ಪಾಳಿ ಮುಗಿಸಿ ಬಂದು ಮಲಗಿದವರನ್ನು ಕೊರಿಯರ್ ಬಂತು, ಗ್ಯಾಸ್ ಬಂತು ಅಂತ ಎಬ್ಬಿಸಬೇಡಿ. ಕಿಟಕಿಗೆ ದಪ್ಪ ಪರದೆ ಹಾಕಿ. ಅವರು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಬೇರೆಯವರಿಗಿಂತ ಮುಂಚೆಯೇ ನೋಡಿಸಿಕೊಳ್ಳಲಿ.

ಇನ್ನು ಉಸಿರಿನ ಮಾತು. 2001ರಲ್ಲಿ ಲುಚಿಯಾನೊ ಬೆರ್ನಾರ್ಡಿ ಎಂಬ ಇಟಲಿಯ ವೈದ್ಯರು 23 ಜನರಿಂದ ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯ ಮತ್ತು ರಕ್ತದೊತ್ತಡದ ಹೊಂದಾಣಿಕೆ ಚುರುಕಾಯಿತು. ನೀವು ಮೊದಲು ನಾಡಿ ಹಿಡಿದು ಮಾಡಿದ ಐದು ಸೆಕೆಂಡಿನ ಲೆಕ್ಕವೂ ಅದೇ. ದಿನಕ್ಕೆ ಐದು ನಿಮಿಷ ಮಾಡಿ, ಖರ್ಚೇನಿಲ್ಲ. ಔಷಧಿಯ ಬದಲಿಗೆ ಮಾತ್ರ ಮಾಡಬೇಡಿ.

ಮುಂದಿನ ಕಂತಿನಲ್ಲಿ ಮಧ್ಯಾಹ್ನದ ನಿದ್ದೆ ಬಗ್ಗೆ ಬರೆಯಬೇಕು ಅಂತಿದೆ. ಊಟ ಆದ ಮೇಲೆ ಅರ್ಧ ಗಂಟೆ ಮಲಗೋದು ಒಳ್ಳೆಯದಾ ಕೆಟ್ಟದಾ ಅಂತ ನಿಮ್ಮನೆಯಲ್ಲಿ ಜಗಳ ಆಗಿದ್ದರೆ ಬರೆದು ಕಳಿಸಿ.